ಮನೆಯವರಿಗೆ ತೋರಿಸದ ಲೆಕ್ಕ

(ಸಂಘದ ಆನ್‌ಲೈನ್ ಕುಟುಂಬ ಸಭೆಯಲ್ಲಿ 2021ರ ಜುಲೈಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೊಬೈಲಿನ ಸಣ್ಣ ಸಣ್ಣ ಚೌಕಗಳಲ್ಲಿ ಕಾಣುತ್ತಿರುವ ಸಹೋದರ ಸಹೋದರಿಯರೇ,

ಈಗ ನಮ್ಮ ಸ್ಯಾನ್ ಡಿಯಾಗೋದಲ್ಲಿ ಬೆಳಿಗ್ಗೆ ಎಂಟೂವರೆ. ದುಬೈಯಲ್ಲಿ ಸಂಜೆ ಏಳೂವರೆ, ಮಂಗಳೂರಿನಲ್ಲಿ ರಾತ್ರಿ ಒಂಬತ್ತು. ನೀವು ದುಡಿದು ದಣಿದು ಕುಳಿತಿದ್ದೀರಿ, ನಾವು ಈಗಷ್ಟೇ ಚಾ ಕುಡಿದು ಕುಳಿತಿದ್ದೇವೆ. ಆದ ಕಾರಣ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ.

ಕೊರೋನಾ ಕಾಲದಲ್ಲಿ ಮನೆಯೊಳಗೆ ಬದುಕು ಹೇಗಿತ್ತು ಅಂತ ಮಾತಾಡಿ ಎಂದು ಸಂಘದವರು ಹೇಳಿದ್ದಾರೆ. ನಾವು ಡಾಕ್ಟರ್ ಅಲ್ಲ, ಉಸ್ತಾದರೂ ಅಲ್ಲ. ಬಿ.ಕಾಂ. ಓದಿ ಲೆಕ್ಕ ಬರೆಯುವವರು. ಹಾಗಾಗಿ ನಮಗೆ ಗೊತ್ತಿರುವ ಲೆಕ್ಕವನ್ನೇ ಹೇಳುತ್ತೇವೆ. ಇದರಲ್ಲಿ ನಮಗೆ ನಾಚಿಕೆ ಆಗುವಂಥದ್ದೂ ಉಂಟು. ಅದನ್ನು ಬಿಟ್ಟು ಹೇಳಿದರೆ ಹೇಳಿದ ಹಾಗೆ ಆಗುವುದಿಲ್ಲ.

ಮೊದಲು ನಮ್ಮ ಪರಿಸ್ಥಿತಿ ಹೇಳಬೇಕು. ಊರು ಬಿಟ್ಟು ನಾವು ಮೊದಲು ಹೋದದ್ದು ಶಾರ್ಜಾಕ್ಕೆ. ಒಂದು ರೂಮಿನಲ್ಲಿ ಆರು ಜನ. ಆಮೇಲೆ ಅಮೆರಿಕದ ಕೆಲಸ ಸಿಕ್ಕಿ ಹೆಂಡತಿ, ಮಗಳ ಜೊತೆ ಸ್ಯಾನ್ ಡಿಯಾಗೋದ ಮೀರಾ ಮೇಸಾಕ್ಕೆ ಬಂದೆವು. ಮಗ ಹುಟ್ಟಿದ್ದು ಇಲ್ಲೇ. 2016ರಲ್ಲಿ ಕೆಲಸ ಲಾಸ್ ಏಂಜಲೀಸಿಗೆ ಬದಲಾಯಿತು. ಎರಡು ಊರಿನ ನಡುವೆ ಸುಮಾರು 120 ಮೈಲು, ಅಂದರೆ 190 ಕಿಲೋಮೀಟರ್. ಮಕ್ಕಳ ಶಾಲೆ ಬಿಡಿಸುವುದು ಬೇಡ ಅಂತ ಕುಟುಂಬ ಇಲ್ಲೇ ಉಳಿಯಿತು. ನಾವು ಸೋಮವಾರ ಬೆಳಗ್ಗಿನ ರೈಲು ಹತ್ತಿ, ಮೂರು ತಾಸು ಸಮುದ್ರ ನೋಡುತ್ತಾ ಯೂನಿಯನ್ ಸ್ಟೇಷನ್ನಿಗೆ ಹೋಗುವುದು, ಶುಕ್ರವಾರ ರಾತ್ರಿ ಹಿಂತಿರುಗುವುದು. ನಡುವೆ ನಾಲ್ಕು ರಾತ್ರಿ ಆರ್ಟೀಸಿಯಾದಲ್ಲಿ ಒಂದು ಶೇರಿಂಗ್ ರೂಮು. ಆರ್ಟೀಸಿಯಾ ಎಂದರೆ ಪಯೋನಿಯರ್ ಬೂಲವಾರ್ಡ್ ರಸ್ತೆಯ ಉದ್ದಕ್ಕೂ ನಮ್ಮ ದೇಶದ ಅಂಗಡಿಗಳಿರುವ ಜಾಗ. ರೂಮಿನಲ್ಲಿ ನಾಲ್ಕು ಜನ, ಒಂದು ಫ್ರಿಜ್ಜು, ಅಡುಗೆಗೆ ಪಾಳಿ. ಊರಿನವರು "ಅಮೆರಿಕದಲ್ಲಿದ್ದಾನೆ, ಅವನಿಗೇನು" ಅನ್ನುತ್ತಾರೆ. ಮಾರಾಯರೇ, ನಮ್ಮದು ಅಮೆರಿಕದೊಳಗಿನ ಗಲ್ಫ್ ಆಗಿತ್ತು.

2020ರ ಮಾರ್ಚ್ 13, ಶುಕ್ರವಾರ. ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೋದ ಎರಡೂ ಶಾಲಾ ಜಿಲ್ಲೆಗಳು ಒಟ್ಟಿಗೆ ಪ್ರಕಟಣೆ ಹೊರಡಿಸಿದವು. ಸೋಮವಾರದಿಂದ ಶಾಲೆ ಬಂದ್. ಆಫೀಸಿನವರೂ ಲ್ಯಾಪ್‌ಟಾಪ್ ಕೈಗೆ ಕೊಟ್ಟು ಮನೆಯಿಂದಲೇ ಮಾಡಿ ಎಂದರು. 19ರಂದು ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಇಡೀ ಕ್ಯಾಲಿಫೋರ್ನಿಯಾಕ್ಕೆ ಮನೆಯಲ್ಲೇ ಇರಿ ಎಂಬ ಆದೇಶ ಕೊಟ್ಟರು. ಅದಾಗಿ ಆರನೇ ದಿನಕ್ಕೆ, 25ರಿಂದ ಊರಿನಲ್ಲೂ ಲಾಕ್‌ಡೌನ್. ಅಷ್ಟರಲ್ಲಿ ಭಾರತಕ್ಕೆ ಬರುವ ವಿಮಾನಗಳೂ ನಿಂತಿದ್ದವು. ಉಮ್ಮ ಅಲ್ಲಿ, ನಾವು ಇಲ್ಲಿ, ನಡುವೆ ಬೀಗ.

ನಮ್ಮ ಮನೆ ಎರಡು ಕೋಣೆಯದ್ದು. ಊಟದ ಮೇಜಿನಲ್ಲಿ ಐದನೇ ತರಗತಿಯ ಮಗಳ ಕ್ಲಾಸು. ಒಂದನೇ ತರಗತಿಯ ಮಗನಿಗೆ ಇಸ್ತ್ರಿ ಹಾಕುವ ಹಲಗೆಯೇ ಡೆಸ್ಕು. ನಮ್ಮ ಆಫೀಸು ಮಲಗುವ ಕೋಣೆಯಲ್ಲಿ, ಎರಡು ಅಕ್ಕಿ ಚೀಲದ ಮೇಲೆ ಒಂದು ಹಲಗೆ. ಮೀಟಿಂಗಿನಲ್ಲಿ ಮಾತಾಡಲು ಬಾಯಿ ತೆರೆದರೆ ಸಾಕು, ಕುಕ್ಕರ್ ಸೀಟಿ ಹಾಕುತ್ತಿತ್ತು. ಅಂಗಡಿಗೆ ಹೋದರೆ ಅಕ್ಕಿ ಒಬ್ಬರಿಗೆ ಒಂದೇ ಚೀಲ. ತಂದ ಸಾಮಾನು, ಬಂದ ಕಾಗದ ಎಲ್ಲವನ್ನೂ ಔಷಧದ ಒದ್ದೆ ಕಾಗದದಿಂದ ಒರೆಸುವುದು ಮಕ್ಕಳ ಕೆಲಸ. ಈಗ ನೆನೆದರೆ ನಗು ಬರುತ್ತದೆ, ಆಗ ನಗು ಬರಲಿಲ್ಲ.

ಮೊದಲ ವಾರ ಕಳೆದು ಎರಡನೇ ಸೋಮವಾರ ಬೆಳಿಗ್ಗೆ ಮಗ ಬಂದು ಕೇಳಿದ, "ಉಪ್ಪಾ, ನೀವು ಯಾವಾಗ ಹೋಗುವುದು?"

ಈ ಪ್ರಶ್ನೆ ನಿಮಗೆಲ್ಲ ಗೊತ್ತು. ರಜೆಯಲ್ಲಿ ಊರಿಗೆ ಹೋದರೆ ಪಳ್ಳಿಯ ಬಾಗಿಲಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ. ಯಾವಾಗ ಬಂದದ್ದು? ಯಾವಾಗ ಹೋಗುವುದು? ಆದರೆ ಸ್ವಂತ ಮಗ ಕೇಳಿದಾಗ ಗೊತ್ತಾಯಿತು, ನಾಲ್ಕು ವರ್ಷದಿಂದ ಈ ಮನೆಗೆ ನಾವು ನೆಂಟರಾಗಿದ್ದೆವು. ಮಗಳಿಗೆ ಕನ್ನಡಕ ಬೇಕಾಗಿದೆ ಎಂದು ನಮಗೆ ಗೊತ್ತಿರಲಿಲ್ಲ. ಮಗ ಬ್ಯಾರಿಯಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ ಎಂಬುದೂ ಗೊತ್ತಿರಲಿಲ್ಲ. ಮನೆಯಾಕೆಯ ದಿನ ಫಜ್ರಿಗೆ ಶುರುವಾಗಿ ಮಕ್ಕಳು ಮಲಗಿದ ಮೇಲೆ ಪಾತ್ರೆ ತೊಳೆದು ಮುಗಿಯುತ್ತದೆ. ಅದನ್ನೂ ನಾವು ಇಡೀ ಒಂದು ದಿನ ಕುಳಿತು ನೋಡಿದ್ದು ಆಗಲೇ.

ಮಸೀದಿಗಳು ಮುಚ್ಚಿದ್ದವು. ನಾವು ಶಾಫಿಈಗಳು, ಜುಮಾಕ್ಕೆ ನಲವತ್ತು ಜನ ಬೇಕು, ಮನೆಯಲ್ಲಿ ನಾಲ್ಕೇ ಜನ. ಶುಕ್ರವಾರವೂ ಲುಹರ್ ನಮಾಝ್ ಮಾಡಿದೆವು. ಏಪ್ರಿಲ್ 24ಕ್ಕೆ ರಮಳಾನ್ ಬಂತು. ಊಟದ ಮೇಜನ್ನು ಗೋಡೆಗೆ ಸರಿಸಿ ತರಾವೀಹ್. ಮಗ ನಾಲ್ಕು ರಕಅತ್ ನಿಂತು ಐದನೆಯದಕ್ಕೆ ಸುಜೂದಿನಲ್ಲೇ ನಿದ್ದೆ ಹೋಗುತ್ತಿದ್ದ. ಅದಕ್ಕಿಂತ ಮೊದಲು ರಮಳಾನಿನ ಕೆಲಸದ ದಿನಗಳಲ್ಲಿ ನಾವು ಇಫ್ತಾರ್ ಮಾಡುತ್ತಿದ್ದದ್ದು ಆರ್ಟೀಸಿಯಾದ ರೂಮಿನಲ್ಲಿ. ಈ ಸಲ ಮಕ್ಕಳ ಜೊತೆ ಖರ್ಜೂರ ಕೈಯಲ್ಲಿ ಹಿಡಿದು ಗಡಿಯಾರ ನೋಡುವ ಭಾಗ್ಯ ಸಿಕ್ಕಿತು. ಮನೆಯಾಕೆ ಉಮ್ಮನಿಗೆ ವೀಡಿಯೋ ಕಾಲ್ ಮಾಡಿ ಪತ್ತಿರ್ ಹಿಟ್ಟಿನ ಹದ ತೋರಿಸುತ್ತಿದ್ದಳು. ಅಲ್ಲಿ ಅದು ಬೆಳಗ್ಗಿನ ಹೊತ್ತು. ಮಗ ಮಧ್ಯೆ ಬಂದು ಉಮ್ಮನ ಜೊತೆ ಒಂದೊಂದು ಬ್ಯಾರಿ ಶಬ್ದ ಕಲಿಯುತ್ತಿದ್ದ. ಹೊರಗೆ ಜನ ಸಾಯುತ್ತಿದ್ದರು, ನಮ್ಮ ಮನೆಯೊಳಗೆ ಇಂಥ ಬರಕತ್ ಇತ್ತು. ಎರಡೂ ನಿಜ.

ಇನ್ನು ನಾಚಿಕೆಯ ಭಾಗಕ್ಕೆ ಬರುತ್ತೇವೆ.

ನಾವು ಲೆಕ್ಕ ಬರೆಯುವ ಕಂಪನಿ ಹೋಟೆಲುಗಳಿಗೆ ಸಾಮಾನು ಪೂರೈಸುವಂಥದ್ದು. ಹೋಟೆಲು ಮುಚ್ಚಿತು, ಏಪ್ರಿಲಿನಿಂದ ಕೆಲಸದ ಗಂಟೆ ಕಾಲು ಭಾಗ ಇಳಿಯಿತು, ವೀಸಾದ ಕಾಗದವನ್ನೂ ಅದಕ್ಕೆ ತಕ್ಕಂತೆ ತಿದ್ದಿಸಿದರು. ಎಚ್-1ಬಿ ವೀಸಾದಲ್ಲಿ ಕೆಲಸ ಪೂರ್ತಿ ಹೋದರೆ 60 ದಿನದೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲವಾದರೆ ದೇಶ ಬಿಡಬೇಕು. ಬಿಟ್ಟು ಹೋಗಲು ವಿಮಾನವೇ ಇಲ್ಲ. ಆ ಹೆದರಿಕೆಯಲ್ಲಿ ಆರ್ಟೀಸಿಯಾದ ರೂಮು ಬಿಟ್ಟುಕೊಟ್ಟೆವು, ಅಲ್ಲಿಗೆ ಬರುತ್ತಿದ್ದ ಟಪಾಲನ್ನು ಮೀರಾ ಮೇಸಾದ ವಿಳಾಸಕ್ಕೆ ತಿರುಗಿಸಲು ಅಂಚೆಗೆ ಬರೆದುಕೊಟ್ಟೆವು. ಆ ಟಪಾಲಿನಲ್ಲಿ ಏನೇನು ಬರುತ್ತದೆ ಎಂಬುದು ಆ ಗಡಿಬಿಡಿಯಲ್ಲಿ ನಮ್ಮ ತಲೆಗೆ ಬರಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ. ಮಗಳು ಎಂದಿನಂತೆ ಬಂದ ಲಕೋಟೆಗಳನ್ನು ಒರೆಸಿದಳು. ಒಂದು ಲಕೋಟೆ ಪೂರ್ತಿ ಒದ್ದೆಯಾಯಿತು. ಒಳಗಿನ ಕಾಗದ ಹಾಳಾಗಬಾರದೆಂದು ಅವಳೇ ಬಿಚ್ಚಿ ಮೇಜಿನ ಮೇಲೆ ಒಣಗಲು ಹರಡಿದಳು. ಅದು ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್. ಬಾಕಿ 7,800 ಡಾಲರ್. ಬಡ್ಡಿ ವರ್ಷಕ್ಕೆ ಶೇಕಡಾ 19.

ಆ ಕಾರ್ಡಿನ ವಿಷಯ ಮನೆಯಾಕೆಗೆ ಗೊತ್ತಿರಲಿಲ್ಲ.

ಸಾಲ ಹೇಗೆ ಆಯಿತು ಅಂತ ಕೇಳಿದರೆ ಉತ್ತರ ಸುಲಭ. ತಿಂಗಳಿಗೆ ಕೈಗೆ ಬರುತ್ತಿದ್ದದ್ದು 5,200 ಡಾಲರ್. ಮೀರಾ ಮೇಸಾದ ಬಾಡಿಗೆ 2,100. ಆರ್ಟೀಸಿಯಾದ ರೂಮಿಗೆ 550. ರೈಲು ಮತ್ತು ಅಲ್ಲಿಯ ಊಟಕ್ಕೆ 500. ಕಾರು, ವಿಮೆ, ಫೋನಿಗೆ 450. ಮನೆ ಸಾಮಾನಿಗೆ 600. ಊರಿಗೆ 1,000. ಕೂಡಿಸಿ ನೋಡಿ, 5,200. ಉಳಿದದ್ದು ಸೊನ್ನೆ. ಹಾಗಾದರೆ ಮಗನಿಗೆ ಜ್ವರ ಬಂದರೆ? ತಂಗಿಯ ಮದುವೆಗೆ ಟಿಕೆಟ್ಟು? ಊರಿನ ಮನೆಗೆ ಎರಡನೇ ಮಹಡಿ ಹಾಕುವಾಗ ಸಿಮೆಂಟಿನ ರೇಟು ಏರಿದರೆ? ಎಲ್ಲ ಕಾರ್ಡಿಗೆ. ಬೇರೆಯವರ ಕಂಪನಿಯ ಪುಸ್ತಕದಲ್ಲಿ ಹೀಗೆ ಕಂಡಿದ್ದರೆ ನಾವೇ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದೆವು. ನಮ್ಮ ಸ್ವಂತದ್ದಕ್ಕೆ ಪುಸ್ತಕವೇ ಇರಲಿಲ್ಲ. ಬಡ್ಡಿ ಹರಾಮ್ ಎಂದು ಮಕ್ಕಳಿಗೆ ಹೇಳಿಕೊಡುವವರು ನಾವು. ತಿಂಗಳಿಗೆ ನೂರಿಪ್ಪತ್ತಕ್ಕೂ ಹೆಚ್ಚು ಡಾಲರ್ ಬಡ್ಡಿ ಕಟ್ಟುತ್ತಿದ್ದವರೂ ನಾವೇ.

ಮನೆಯಾಕೆ ಜಗಳ ಮಾಡಲಿಲ್ಲ. ಇಫ್ತಾರ್ ಆಗುವವರೆಗೆ ಒಂದು ಮಾತಾಡಲಿಲ್ಲ. ನಮಾಝ್ ಮುಗಿಸಿ ಬಂದು ಹೇಳಿದಳು, "ನೋಡಿ, ದುಡ್ಡು ಇಲ್ಲದ್ದಕ್ಕೆ ನನಗೆ ಬೇಜಾರಿಲ್ಲ. ಹೋದ ವರ್ಷ ಈದ್‌ಗೆ ನಾನು ಆ ಬಳೆ ಕೇಳಿದೆ. ನೀವು ತಂದುಕೊಟ್ಟಿರಿ. ಅದು ಈ ಕಾಗದದಲ್ಲಿ ಉಂಟಲ್ಲ? ಇಲ್ಲ ಅಂತ ಒಂದು ಮಾತು ಹೇಳಿದ್ದರೆ ನಾನು ಕೇಳ್ತಿದ್ದೆನಾ?"

ನಮ್ಮಲ್ಲಿ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಮಗಳ ಶಾಲೆಯ ಗೆರೆ ಪುಸ್ತಕವೊಂದನ್ನು ತಂದಳು. ಇದರಲ್ಲಿ ಬರೆಯಿರಿ, ಬಂದದ್ದು ಎಷ್ಟು, ಹೋದದ್ದು ಎಷ್ಟು, ಯಾರಿಗೆ ಎಷ್ಟು ಕೊಡಬೇಕು ಅಂದಳು. ಸಹ್ರಿವರೆಗೆ ಕುಳಿತು ಬರೆದೆವು. ಬರೆದು ಮುಗಿದ ಮೇಲೆ, "ಈಗ ಉಮ್ಮನಿಗೆ ಫೋನ್ ಮಾಡಿ ಹೇಳಿ" ಅಂದಳು. ಅದು ಮಾತ್ರ ಬೇಡ, ಉಮ್ಮನಿಗೆ ಬಿ.ಪಿ. ಉಂಟು, ಈ ಕಾಲದಲ್ಲಿ ಯಾಕೆ ಅಂದೆವು. ಅವಳು ಬಿಡಲಿಲ್ಲ.

ಫೋನ್ ಮಾಡಿದೆವು. ಸಂಬಳ ಇಳಿದಿದೆ, ಸಾಲ ಉಂಟು, ಮನೆಯ ಕೆಲಸಕ್ಕೆ ಸದ್ಯ ಕಳಿಸಲು ಆಗುವುದಿಲ್ಲ ಎಂದು ಹೇಳಿ ಮುಗಿಸುವಾಗ ಗಂಟಲು ಒಣಗಿತ್ತು. ಆ ಕಡೆಯಿಂದ ಸ್ವಲ್ಪ ಹೊತ್ತು ಶಬ್ದವೇ ಇಲ್ಲ. ಮತ್ತೆ ಉಮ್ಮ ಹೇಳಿದರು, "ಮೋನೇ, ನಾನೂ ನಿನಗೊಂದು ವಿಷಯ ಹೇಳ್ಲಿಲ್ಲ. ಮನೆಯ ಕೆಲಸ ನಿಂತು ಎರಡು ತಿಂಗಳಾಯ್ತು."

ವಿಷಯ ಏನೆಂದರೆ, ಲಾಕ್‌ಡೌನ್ ಆದ ದಿನವೇ ಮೇಸ್ತ್ರಿ ಕೆಲಸ ನಿಲ್ಲಿಸಿದ್ದ. ಉತ್ತರ ಪ್ರದೇಶದ ನಾಲ್ಕು ಹುಡುಗರು ಕೆಲಸಕ್ಕೆ ಬಂದವರು ಊರಿಗೆ ಹೋಗಲಾಗದೆ ನಮ್ಮ ಅರ್ಧ ಕಟ್ಟಿದ ಮನೆಯಲ್ಲೇ ಸಿಕ್ಕಿಬಿದ್ದಿದ್ದರು. ಉಮ್ಮ ಅವರಿಗೆ ದಿನಾ ಅನ್ನ ಸಾರು ಕಳಿಸುತ್ತಿದ್ದರು. ಮೇ ತಿಂಗಳಲ್ಲಿ ಶ್ರಮಿಕ್ ರೈಲು ಬಿಟ್ಟ ಮೇಲೆ ಅವರು ಹೋದದ್ದು. ನಾವು ಎರಡು ತಿಂಗಳು ಕಳಿಸಿದ 2,000 ಡಾಲರ್, ಅಂದರೆ ಆಗಿನ ಸುಮಾರು ಒಂದೂವರೆ ಲಕ್ಷ ರೂಪಾಯಿ, ಅಕ್ಕಿ ಬೇಳೆಗೆ ಹೋದದ್ದು ಬಿಟ್ಟು ಬ್ಯಾಂಕಿನಲ್ಲೇ ಇತ್ತು. ಕೆಲಸ ನಿಂತಿದೆ ಎಂದು ಹೇಳಿದರೆ ದೂರದಲ್ಲಿರುವ ಮಗ ಬೇಜಾರು ಮಾಡಿಕೊಳ್ಳುತ್ತಾನೆ ಅಂತ ಉಮ್ಮ ಸುಮ್ಮನಿದ್ದರು. ಉಮ್ಮನಿಗೆ ಬಿ.ಪಿ. ಏರುತ್ತದೆ ಅಂತ ನಾವು ಸುಮ್ಮನಿದ್ದೆವು. ಬೇಡದ ಕಡೆ ಹಣ ಮಲಗಿತ್ತು, ಬೇಕಾದ ಕಡೆ ಬಡ್ಡಿ ಓಡುತ್ತಿತ್ತು.

"ನನ್ನ ಖರ್ಚಿಗೆ ಇದು ಸಾಕು. ಮೊದಲು ಆ ಬಡ್ಡಿಯಿಂದ ಹೊರಗೆ ಬಾ. ಮಹಡಿ ಎಲ್ಲಿಗೂ ಓಡಿ ಹೋಗುವುದಿಲ್ಲ" ಅಂದರು ಉಮ್ಮ.

ಆ ವರ್ಷ ಇಲ್ಲಿಯೂ ನಮ್ಮೂರಲ್ಲೂ ಮೇ 24ರ ಭಾನುವಾರವೇ ಈದ್. ಹೊಸ ಬಟ್ಟೆ ಇರಲಿಲ್ಲ, ಈದ್‌ಗಾಹ್ ಇರಲಿಲ್ಲ. ಆದರೆ ಯಾರಿಂದಲೂ ಏನೂ ಮುಚ್ಚಿಡದೆ ಮಾಡಿದ ಈದ್ ಅದು.

ಜೂನಿನಿಂದ ಹೊಸ ಲೆಕ್ಕ. ಬರುವುದು 3,900. ರೂಮಿಲ್ಲ, ರೈಲಿಲ್ಲ, ಊರಿನ ಮನೆ ಕೆಲಸ ಇಲ್ಲ. ಖರ್ಚು 3,150. ಉಳಿದ 750ರಲ್ಲಿ ತಿಂಗಳಿಗೆ 700 ಕಾರ್ಡಿಗೆ. ಪುಸ್ತಕ ಬರೆಯುವುದು ಮಗಳು.

ಇದರ ನಡುವೆ ಸರಕಾರದ ಚೆಕ್ಕಿನ ವಿಷಯವನ್ನೂ ಹೇಳಬೇಕು, ಯಾಕೆಂದರೆ ಊರಿನಲ್ಲಿ ತುಂಬಾ ಜನ ಕೇಳಿದ್ದರು, ಅಮೆರಿಕದಲ್ಲಿ ಎಲ್ಲರಿಗೂ ದುಡ್ಡು ಹಂಚಿದರಂತೆ ಹೌದಾ ಅಂತ. 2020ರ ಮಾರ್ಚ್ ಕೊನೆಗೆ ಬಂದ ಕಾನೂನಿನಲ್ಲಿ ದೊಡ್ಡವರಿಗೆ 1,200, ಮಕ್ಕಳಿಗೆ 500 ಡಾಲರ್ ಎಂದಿತ್ತು. ಆದರೆ ಗಂಡ ಹೆಂಡತಿ ಒಟ್ಟಿಗೆ ತೆರಿಗೆ ಲೆಕ್ಕ ಕೊಡುವುದಾದರೆ ಇಬ್ಬರಿಗೂ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರಬೇಕು. ಕೆಲಸ ಮಾಡಲು ಪರವಾನಗಿ ಇಲ್ಲದ ಎಚ್-4 ವೀಸಾದ ಹೆಂಡತಿಗೆ ಆ ನಂಬರ್ ಕೊಡುವುದಿಲ್ಲ. ಹಾಗಾಗಿ ನಮ್ಮಂಥ ಮನೆಗಳಿಗೆ ಒಂದು ಡಾಲರೂ ಬರಲಿಲ್ಲ, ತೆರಿಗೆ ಮಾತ್ರ ಎಲ್ಲರಂತೆ ಕಟ್ಟಿದ್ದೆವು. ಡಿಸೆಂಬರ್ ಕೊನೆಯಲ್ಲಿ ಬಂದ ಎರಡನೇ ಕಾನೂನು ಇದನ್ನು ಸರಿ ಮಾಡಿತು. ಮನೆಯಲ್ಲಿ ಯಾರಿಗೆ ನಂಬರ್ ಉಂಟೋ ಅವರಿಗೆ ಹಿಂದಿನದ್ದೂ ಸೇರಿಸಿ ಕೊಡಬಹುದು ಎಂದಾಯಿತು. 2020ರ ತೆರಿಗೆ ಫಾರ್ಮಿನ 30ನೇ ಸಾಲಿನಲ್ಲಿ ಕೇಳಿಕೊಂಡೆವು. ನಮಗೆ ಮತ್ತು ಇಲ್ಲಿ ಹುಟ್ಟಿದ ಮಗನಿಗೆ ಮೊದಲ ಕಂತು 1,700, ಎರಡನೇ ಕಂತು 1,200, ಒಟ್ಟು 2,900.

ಫಾರ್ಮ್ ತುಂಬುವಾಗ ಪುಸ್ತಕ ಹಿಡಿದು ಪಕ್ಕದಲ್ಲಿ ಕುಳಿತಿದ್ದ ಮಗಳು ಕೇಳಿದಳು, "ತಮ್ಮನ ಹೆಸರಿಗೆ ದುಡ್ಡು ಉಂಟು. ನನ್ನ ಹೆಸರಿಗೆ ಯಾಕಿಲ್ಲ?" ಅವಳು ಹುಟ್ಟಿದ್ದು ಮಂಗಳೂರಿನಲ್ಲಿ. ಕಾನೂನು ವಿವರಿಸಿದೆವು. ಅವಳು ಏನೂ ಹೇಳಲಿಲ್ಲ. ಮಾರ್ಚಿನಲ್ಲಿ ಹಣ ಬಂದಾಗ ಕಾರ್ಡಿನ ಉಳಿದ ಬಾಕಿ ಪೂರ್ತಿ ತೀರಿತು, ಅಲ್‌ಹಮ್ದುಲಿಲ್ಲಾಹ್. ಕೈಯಲ್ಲಿ ಸುಮಾರು 600 ಡಾಲರ್ ಉಳಿಯಿತು. ಅದರಲ್ಲಿ ಮಗಳಿಗೆ 500 ತೆಗೆದಿಡುವುದೆಂದು ಮನೆಯಾಕೆ ತೀರ್ಮಾನ ಮಾಡಿದಳು. ಸರಕಾರ ಎಣಿಸದ ಮಗುವನ್ನು ಮನೆ ಎಣಿಸಬೇಕಲ್ಲ.

ಸಾಲ ತೀರುವ ಮೊದಲು ಇನ್ನೊಂದು ನಡೆಯಿತು. ಆರ್ಟೀಸಿಯಾದ ರೂಮಿನಲ್ಲಿ ನಮಗಿಂತ ಹಿರಿಯರೊಬ್ಬರಿದ್ದರು, ಹೈದರಾಬಾದಿನವರು, ಒಂದು ಅಡುಗೆಮನೆಯಲ್ಲಿ ಕೆಲಸ. ಇಪ್ಪತ್ತು ವರ್ಷದಿಂದ ಒಂಟಿ. ನಾವು ರೂಮು ಬಿಟ್ಟ ಮೇಲೂ ಅವರು ಅಲ್ಲೇ ಇದ್ದರು. ಮನೆಯಲ್ಲಿ ಇರಿ ಎಂದು ಆದೇಶ ಬಂದರೆ ಅವರಿಗೆ ಇರುವ ಮನೆ ಅದೇ ರೂಮು, ಮಂಚದ ಪಕ್ಕ ಮಂಚ. 2021ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಆಸ್ಪತ್ರೆಗಳ ಹೊರಗೆ ಆಂಬುಲೆನ್ಸುಗಳು ಗಂಟೆಗಟ್ಟಲೆ ಕಾಯುತ್ತಿದ್ದವು. ಆ ತಿಂಗಳಲ್ಲಿ ಅವರು ಹೋದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಮಯ್ಯತ್ ನಮಾಝಿಗೆ ಬೆರಳೆಣಿಕೆಯ ಜನ. ಊರಿನ ಮಕ್ಕಳು ಫೋನಿನಲ್ಲಿ ನೋಡಿದರು.

ಒಂದು ವಾರ ಕಳೆದು ಅವರ ಮಗ ನಮಗೆ ಫೋನ್ ಮಾಡಿದ. "ಅಂಕಲ್, ಅಬ್ಬಾನಿಗೆ ಅಲ್ಲಿ ಹಣ ಇತ್ತಾ? ಯಾರಿಗಾದರೂ ಕೊಡಲಿಕ್ಕೆ ಉಂಟಾ? ನಮಗೆ ಏನೂ ಗೊತ್ತಿಲ್ಲ." ಇಪ್ಪತ್ತು ವರ್ಷ ತಿಂಗಳು ತಪ್ಪದೆ ಹಣ ಕಳಿಸಿದ ಮನುಷ್ಯ. ಯಾವ ಬ್ಯಾಂಕು, ಎಷ್ಟು, ಯಾರಿಂದ ಸಾಲ, ಯಾರಿಗೆ ಕೈಗಡ, ಮನೆಯವರಿಗೆ ಒಂದಕ್ಷರ ಗೊತ್ತಿಲ್ಲ. ರೂಮಿನವರು ಅವರ ಪೆಟ್ಟಿಗೆ ತೆರೆದು ಒಂದೊಂದು ಚೀಟಿಯನ್ನು ಕ್ಯಾಮರಾಕ್ಕೆ ಹಿಡಿದರು, ನಾವು ಬರೆದುಕೊಂಡೆವು. ಒಂದು ಬ್ಯಾಂಕ್ ಖಾತೆ ಸಿಕ್ಕಿತು, ಅದಕ್ಕೆ ವಾರಸುದಾರರ ಹೆಸರು ಬರೆಸಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಆಸ್ತಿಯನ್ನು ಕೋರ್ಟಿಗೆ ಹೋಗದೆ ಅಫಿಡವಿಟ್ ಮೂಲಕ ಪಡೆಯಬಹುದು, ಆದರೆ ಮರಣದ ನಂತರ 40 ದಿನ ಕಾಯಬೇಕು. ಕಾಗದ ಓಡಾಡಿ ಆ ಹಣ ಮಕ್ಕಳಿಗೆ ಮುಟ್ಟಲು ತಿಂಗಳುಗಳೇ ಹಿಡಿದವು. ಹೆಸರು ಬರೆಸಲು ಅವರಿಗೆ ಹತ್ತು ನಿಮಿಷ ಸಾಕಾಗುತ್ತಿತ್ತು.

ಆ ಚೀಟಿಗಳನ್ನು ನೋಡುವಾಗ ನಮಗೆ ನಮ್ಮದೇ ಲಕೋಟೆ ನೆನಪಾಯಿತು. ಮೇ ತಿಂಗಳ ಮೊದಲೇ ನಾವು ಹೋಗಿದ್ದರೆ, ಮನೆಯಾಕೆಗೆ ಸಾಲದ ಸುದ್ದಿ ಬೇರೆಯವರ ಬಾಯಿಂದ ಗೊತ್ತಾಗುತ್ತಿತ್ತು. ಮಯ್ಯತಿನ ಆಸ್ತಿ ಹಂಚುವ ಮೊದಲು ಸಾಲ ತೀರಿಸಬೇಕು ಎನ್ನುವುದು ನಮ್ಮ ದೀನಿನ ನಿಯಮ. ಸಾಲ ಎಷ್ಟಿದೆ ಎಂದೇ ಗೊತ್ತಿಲ್ಲದಿದ್ದರೆ ಮಕ್ಕಳು ಏನು ತೀರಿಸಬೇಕು?

ಆದ್ದರಿಂದ ಸಹೋದರರೇ, ಲೆಕ್ಕದವರಾಗಿ ನಾಲ್ಕು ಮಾತು ಹೇಳಿ ಮುಗಿಸುತ್ತೇವೆ.

ಒಂದು, ಒಂದು ಪುಸ್ತಕ ಇಡಿ. ಹತ್ತು ರೂಪಾಯಿಯದ್ದು ಸಾಕು. ಬ್ಯಾಂಕ್ ಖಾತೆ, ಚೀಟಿ ಫಂಡ್, ಕೊಟ್ಟ ಕೈಗಡ, ತಂದ ಸಾಲ, ವಿಮೆ, ಕಂಪನಿಯಿಂದ ಬರಬೇಕಾದ ಹಣ ಎಲ್ಲ ಬರೆಯಿರಿ. ಫೋಟೋ ತೆಗೆದು ಹೆಂಡತಿಗೆ ಕಳಿಸಿ.

ಎರಡು, ಊರಿನ ಬ್ಯಾಂಕಿನಲ್ಲೂ ವಿದೇಶದ ಬ್ಯಾಂಕಿನಲ್ಲೂ ನಾಮಿನಿ ಹೆಸರು ಉಂಟಾ ನೋಡಿ. ಮದುವೆಗೆ ಮೊದಲು ತೆರೆದ ಖಾತೆಯಲ್ಲಿ ತೀರಿಹೋದ ತಂದೆಯ ಹೆಸರೇ ಇರುವುದು ಬಹಳ. ಬದಲಿಸಿ. ನಾಮಿನಿ ಹಣ ಪಡೆಯುವವರು ಮಾತ್ರ, ಹಂಚುವುದು ಶರೀಅತ್ತಿನ ಪ್ರಕಾರ ಎಂಬುದನ್ನೂ ಮನೆಯಲ್ಲಿ ಹೇಳಿಡಿ. ವಸಿಯ್ಯತ್ ಇದ್ದರೆ ಉಸ್ತಾದರಲ್ಲಿ ಕೇಳಿ ಬರೆದಿಡಿ.

ಮೂರು, ಇಸಿಆರ್ ಪಾಸ್‌ಪೋರ್ಟಿನಲ್ಲಿ ಎಮಿಗ್ರೇಷನ್ ಮಾಡಿ ಗಲ್ಫಿಗೆ ಹೋದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಲ್ಲಿ ಮರಣವಾದರೆ ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ. ಕಂತು ಕಟ್ಟಿರುತ್ತಾರೆ, ಪಾಲಿಸಿ ಎಲ್ಲಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಇವತ್ತು ರಾತ್ರಿ ಹುಡುಕಿ, ಅದರ ಅವಧಿ ಮುಗಿದಿದೆಯಾ ಅಂತಲೂ ನೋಡಿ.

ನಾಲ್ಕು, ಇದು ಊರಿನಲ್ಲಿರುವ ಸಹೋದರಿಯರಿಗೆ, ಉಮ್ಮಂದಿರಿಗೆ. ಫೋನಿನಲ್ಲಿ "ಎಲ್ಲ ಹುಷಾರು" ಎಂದಷ್ಟೇ ಹೇಳಿ ಇಡಬೇಡಿ. ಕೆಲಸ ನಿಂತಿದ್ದರೆ ನಿಂತಿದೆ ಅನ್ನಿ. ಹಣ ಸಾಕಾಗಿದ್ದರೆ ಸಾಕು ಅನ್ನಿ. ಈ ಕಡೆಯವರನ್ನೂ ಕೇಳಿ, "ನಿಮ್ಮ ಕೈಯಲ್ಲಿ ಎಷ್ಟು ಉಳಿಯುತ್ತದೆ?" ಅಂತ. ನಾವು ಗಂಡಸರು ಮೊದಲ ಸಲ ಸುಳ್ಳು ಹೇಳುತ್ತೇವೆ. ಎರಡನೇ ಸಲ ಕೇಳಿ.

ನಮ್ಮ ಆಫೀಸು ಮತ್ತೆ ತೆರೆಯುವ ಮಾತು ನಡೆಯುತ್ತಿದೆ. ವಾರಕ್ಕೆ ಎರಡು ದಿನ ಮಾತ್ರ ಲಾಸ್ ಏಂಜಲೀಸಿಗೆ ಬರುತ್ತೇವೆ ಎಂದು ಕೇಳಿದ್ದೇವೆ. ಒಪ್ಪುತ್ತಾರೋ ಇಲ್ಲವೋ ಅಲ್ಲಾಹನಿಗೆ ಗೊತ್ತು. ಮಗ ಈಗ "ಯಾವಾಗ ಹೋಗುವುದು" ಅಂತ ಕೇಳುವುದಿಲ್ಲ. ಯಾವಾಗ ಬರುವುದು ಅಂತ ಕೇಳುತ್ತಾನೆ, ಅದೂ ಬ್ಯಾರಿಯಲ್ಲಿ. ಊರಿನ ಮನೆಯ ಮಹಡಿ ಇನ್ನೂ ಹಾಗೇ ಉಂಟು. ಕಬ್ಬಿಣದ ಸರಳುಗಳಿಗೆ ಉಮ್ಮ ಪ್ಲಾಸ್ಟಿಕ್ ಸುತ್ತಿಸಿದ್ದಾರೆ, ಮಳೆಗೆ ತುಕ್ಕು ಹಿಡಿಯಬಾರದಲ್ಲ.

ಈ ರೋಗದಲ್ಲಿ ನಮ್ಮನ್ನು ಬಿಟ್ಟು ಹೋದವರಿಗೆ ಅಲ್ಲಾಹು ಮಗ್ಫಿರತ್ ನೀಡಲಿ. ಪರದೇಶದ ರೂಮುಗಳಲ್ಲಿ ಒಂಟಿಯಾಗಿರುವವರನ್ನು ಅವರ ಮಕ್ಕಳ ಜೊತೆ ಸೇರಿಸಲಿ. ನಮ್ಮ ದುಡಿಮೆಯಲ್ಲಿ ಬರಕತ್ ಕೊಡಲಿ, ಬಡ್ಡಿಯಿಂದ ದೂರ ಇಡಲಿ. ಆಮೀನ್.

ಅಸ್ಸಲಾಮು ಅಲೈಕುಂ.